ಮೂರನೆಯ ಬಾ

ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದವನಿಗೆ ತೊಡೆಯ ಮೇಲಿನ ಚೀಲ ಬಿಸಿಯಾಗುತ್ತಿದೆ ಅನ್ನಿಸಿತು. ಎದ್ದು ಬಿಸಿಲು ಬೀಳದ ಕಡೆಯ ಸೀಟಿಗೆ ಹೋಗಿ ಕೂತ. ಅಲ್ಲಿ ಮೊದಲೇ ಕೂತಿದ್ದ ಹೆಂಗಸು ಅವನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದ ರೀತಿ ನೋಡಿ, ಕನ್ನಡಿಯೇ ಎಂದು ಕೇಳಿದಳು. ಹೌದು ಎಂದ. ಕನ್ನಡಿಯನ್ನು ಬಿಸಿಲಿನಿಂದ ಯಾಕೆ ಮರೆ ಮಾಡಬೇಕು ಎಂದು ಅವಳು ಕೇಳಿದರೆ ಏನು ಹೇಳುವುದೆಂದು ಮುಂದಿನ ಎರಡು ನಿಲ್ದಾಣಗಳವರೆಗೂ ಯೋಚಿಸಿದ. ಅವಳು ಕೇಳಲಿಲ್ಲ. ಇಷ್ಟು ಸಣ್ಣದಕ್ಕೆ ಸುಳ್ಳು ಯಾಕೆ ಬೇಕಿತ್ತು? ಚೀಲದಲ್ಲಿದ್ದದ್ದು ಎರಡು: ಗಾಯಕಿಯ ಸಹಿ ಬೀಳಬೇಕಿದ್ದ ಒಪ್ಪಿಗೆ ಪತ್ರ, ಮತ್ತು ಎರಡು ರಟ್ಟುಗಳ ನಡುವೆ ಟವೆಲಿನಲ್ಲಿ ಸುತ್ತಿದ್ದ ಒಂದು ಹಳೆಯ ಗ್ರಾಮಫೋನ್ ಪ್ಲೇಟು. ಪತ್ರ ತೆಗೆದುಕೊಂಡು ಹೋಗೆಂದು ಮೇಲಧಿಕಾರಿ ಹೇಳಿದ್ದರು. ಪ್ಲೇಟು ತೆಗೆದುಕೊಂಡು ಹೋಗೆಂದು ಯಾರೂ ಹೇಳಿರಲಿಲ್ಲ. ಬೀರುವಿನಿಂದ ಅದನ್ನು ತೆಗೆದು ಟವೆಲು ಸುತ್ತುವಾಗ, ತೋರಿಸಲೇಬೇಕೆಂದೇನಿಲ್ಲ, ಜೊತೆಗಿರಲಿ ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ರೇಡಿಯೋ ಕೇಂದ್ರದ ಮೂರನೆಯ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಅವನ ಕೆಲಸ ಹಳೆಯ ಪ್ಲೇಟುಗಳ ಕೊಳೆ ತೆಗೆಯುವುದು. ಧೂಳಿನ ಕೊಳೆಯಲ್ಲ, ಸದ್ದಿನ ಕೊಳೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತೆರೆಯ ಮೇಲೆ ಏರಿಳಿಯುವ ಗೆರೆಯನ್ನು ನೋಡುತ್ತ, ಚಟಪಟ, ಗೊರಗೊರ, ಎಂದೋ ಯಾರೋ ಕುರ್ಚಿ ಎಳೆದದ್ದು, ಒಂದೊಂದನ್ನೇ ಅಕ್ಕಿಯಿಂದ ಕಲ್ಲು ಆರಿಸುವಂತೆ ಆರಿಸಿ ತೆಗೆಯಬೇಕು. ಗೀರು ಆಳವಾಗಿದ್ದು ಹಾಡಿನ ಒಂದು ಅಕ್ಷರವನ್ನೇ ತಿಂದುಹಾಕಿದ್ದರೆ, ಅದೇ ಅಕ್ಷರ ಅದೇ ಹಾಡಿನಲ್ಲಿ ಬೇರೆಲ್ಲಿ ಬಂದಿದೆಯೋ ಹುಡುಕಿ, ಅಲ್ಲಿಂದ ಕತ್ತರಿಸಿ ತಂದು ತೂತಿಗೆ ಕೂರಿಸಬೇಕು. ಆ ಕೋಣೆಯಲ್ಲಿ ಇದಕ್ಕೆ ತೇಪೆ ಎಂದು ಹೆಸರು. ಅವನು ಹಾಕಿದ ತೇಪೆಯ ಹೊಲಿಗೆ ಇದುವರೆಗೂ ಯಾರ ಕಿವಿಗೂ ಸಿಕ್ಕದ್ದರಿಂದ ಅವನಿಗೆ ದರ್ಜಿ ಎಂದು ಹೆಸರು. ದರ್ಜಿ, ನನ್ನ ಹೆಂಡತಿ ನಿನ್ನೆ ಒಂದು ಗಂಟೆ ಬೈದಿದ್ದಾಳೆ, ಅದನ್ನೇ ಕತ್ತರಿಸಿ ಜೋಡಿಸಿ ಎರಡು ಹೊಗಳಿಕೆಯ ಮಾತು ಮಾಡಿಕೊಡು ಎಂದು ಕ್ಯಾಂಟೀನಿನಲ್ಲಿ ಒಬ್ಬರಲ್ಲ ಒಬ್ಬರು ರೇಗಿಸುತ್ತಿದ್ದರು. ಅವನೂ ನಗುತ್ತಿದ್ದ. ಆ ಹೆಸರಿಗೆ ಹೆಮ್ಮೆಪಡುತ್ತಿದ್ದ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಗಾಯಕಿಯನ್ನು ಅವನು ಕಣ್ಣಿಂದ ನೋಡಿದವನಲ್ಲ. ಐವತ್ತು ವರ್ಷದ ಹಿಂದೆ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಕ್ಯಾಬರೆಯಲ್ಲಿ ಅವಳು ಹಾಡುತ್ತಿದ್ದಳು. ಜರತಾರಿ ಗೌನು, ಕೂದಲಿಗೆ ಸಿಕ್ಕಿಸಿದ ಗರಿ, ಬಣ್ಣದ ದೀಪ. ಹೋಟೆಲಿನವರು ಗೋಡೆಗೆ ಅಂಟಿಸುತ್ತಿದ್ದ ಚಿತ್ರದಲ್ಲಿ ಅವಳ ಹೆಸರು ಮಿಂಚು. ಕಾಲು ನೋಡಲು ಬಂದವರು ಗ್ಲಾಸನ್ನು ಅರ್ಧ ಎತ್ತಿದ ಕೈ ಹಾಗೇ ನಿಲ್ಲಿಸಿ ಕೂರುತ್ತಿದ್ದದ್ದು ಒಂದೇ ಹಾಡಿಗಂತೆ. ಆ ಹಾಡು ಅವಳದೇನೂ ಅಲ್ಲ. ಅವಳಿಗಿಂತ ಮೊದಲೂ ಆಮೇಲೂ ಹಾಡುವ ಹೆಂಗಸರೆಲ್ಲ ಹಾಡಿದ್ದು. ಬಿಟ್ಟುಹೋದವನನ್ನು ಮನೆಗೆ ಕರೆಯುವ ಹಾಡು. ಮೂರು ಚರಣ, ಪ್ರತಿ ಚರಣದ ಕೊನೆಗೂ ಅದೇ ಸಾಲು: ಕೊಡೆಯ ಮೂಲೆಯಲ್ಲಿಡು, ಎಲ್ಲಿದ್ದೆಯೆಂದು ಕೇಳೆನು, ಬಂದರೆ ಬೈಯೆನು, ಬಾ. ಉಳಿದವರ ಧ್ವನಿಮುದ್ರಿಕೆಗಳನ್ನೆಲ್ಲ ಅವನು ತೊಳೆದಿದ್ದಾನೆ. ಎಲ್ಲರೂ ಬೈಯೆನು ಎನ್ನುವಾಗ ಗಂಟಲು ತುಂಬಿಕೊಳ್ಳುತ್ತಾರೆ. ಕೊನೆಯ ಬಾ ಅನ್ನು ಎಷ್ಟು ಎಳೆಯುತ್ತಾರೆಂದರೆ ಕೇಳುತ್ತಿದ್ದವನೇ ನಾಚಿಕೊಂಡು ಎದ್ದು ಬಾಗಿಲು ತೆಗೆಯಬೇಕು. ಅವಳು ಹಾಗೆ ಹಾಡುವುದಿಲ್ಲ. ಪಿಯಾನೋ ಶುರುವಾದ ಮೇಲೆ ಒಂದು ಕ್ಷಣ ತಡವಾಗಿ ಬರುತ್ತಾಳೆ, ಒಳಗೆ ಏನೋ ಕೆಲಸದಲ್ಲಿದ್ದು ಕೈ ಒರೆಸಿಕೊಳ್ಳುತ್ತ ಹಜಾರಕ್ಕೆ ಬಂದವಳಂತೆ. ದನಿ ಇಂಪಾದದ್ದಲ್ಲ, ತುಳಿದು ತುಳಿದು ನಡು ಸವೆದ ಮೆಟ್ಟಿಲಿನಂಥ ದನಿ. ಕೊಡೆಯ ಮೂಲೆಯಲ್ಲಿಡು ಎನ್ನುವುದನ್ನು ಅವಳು ನಿಜವಾಗಿಯೂ ಒಂದು ಕೊಡೆಯ ಬಗ್ಗೆ, ಒದ್ದೆಯಾಗಬಾರದ ಒಂದು ನೆಲದ ಬಗ್ಗೆ ಹೇಳುತ್ತಾಳೆ. ಎಲ್ಲಿದ್ದೆಯೆಂದು ಕೇಳೆನು ಎಂಬಲ್ಲಿ, ಕೇಳಿದರೆ ಬರುವ ಉತ್ತರ ಮೊದಲೇ ಗೊತ್ತಿರುವುದರಿಂದ ಕೇಳುವುದಿಲ್ಲ ಎಂಬ ಸಣ್ಣ ಬೇಸರ. ಕೊನೆಗೆ ಬಾ, ಊಟಕ್ಕೆ ಕರೆದಷ್ಟೇ ಸಪ್ಪೆಯಾಗಿ. ಎರಡನೆಯ ಚರಣದಲ್ಲಿ ಅದೇ ಬಾ ಇನ್ನಷ್ಟು ತಗ್ಗಿ, ಪಕ್ಕದವರಿಗೆ ಕೇಳಿಸದಿರಲಿ ಎಂಬಂತೆ. ಬೇಡಿಕೊಳ್ಳುವವರ ಹಾಡನ್ನು ಬೇಡಿಕೊಳ್ಳದೆ ಹಾಡಬಹುದೆಂದು ಅವನಿಗೆ ಮೊದಲು ಗೊತ್ತಾದದ್ದು ಅಲ್ಲಿ, ಆ ಕಿಟಕಿಯಿಲ್ಲದ ಕೋಣೆಯಲ್ಲಿ. ಮಧ್ಯಾಹ್ನದ ಡಬ್ಬಿ ತೆರೆಯದೆ ಏಳು ಸಲ ಕೇಳಿದ್ದ.

ಮೂರನೆಯ ಚರಣದ ಕೊನೆಗೆ ಪ್ಲೇಟಿನ ಮೇಲೆ ಉದ್ದಕ್ಕೆ ಒಂದು ಗೀರಿತ್ತು. ಬಂದರೆ ಬೈಯೆನು ಆದ ಕೂಡಲೇ ಕೊಡಲಿಯೇಟಿನಂಥ ಸದ್ದು, ಅದನ್ನು ತೆಗೆದರೆ ಎರಡು ತಾಳದಷ್ಟು ಖಾಲಿ, ಆಮೇಲೆ ಪಿಯಾನೋದ ಮುಕ್ತಾಯ. ಗೀರು ಬಾ ಅನ್ನು ನುಂಗಿದೆ ಎಂದು ಅವನಿಗೆ ಸಂಶಯವೇ ಬರಲಿಲ್ಲ. ಹಾಡು ಗೊತ್ತಿರುವ ಯಾರಿಗೂ ಬರುತ್ತಿರಲಿಲ್ಲ. ಮೊದಲನೆಯ ಚರಣದಿಂದ ಬಾ ಕತ್ತರಿಸಿ ತಂದ. ಅದು ತುಸು ಉದ್ದವಿತ್ತು. ಬಾಲ ಕತ್ತರಿಸಿ ಎರಡು ತಾಳಕ್ಕೆ ಕೂರಿಸಿದ. ತಿಂಗಳ ಹಿಂದೆ ಅದು ರೇಡಿಯೋದಲ್ಲಿ ಬಂತು, ಪತ್ರಗಳು ಬಂದವು, ಆ ಮೂರನೆಯ ಬಾ ಕೇಳಿ ಗಾಡಿ ರಸ್ತೆ ಬದಿಗೆ ನಿಲ್ಲಿಸಿ ಕೂತೆ ಎಂದು ಒಬ್ಬರು ಬರೆದಿದ್ದರು. ಹಳೆಯ ಹಾಡುಗಳ ಆರು ಸಿ.ಡಿ.ಗಳ ಪೆಟ್ಟಿಗೆಯನ್ನು ಮಾರಾಟಕ್ಕೆ ತರುವುದೆಂದೂ ಈ ಹಾಡು ಮೊದಲನೆಯದೆಂದೂ ತೀರ್ಮಾನವಾಯಿತು.

ಎಂಟು ದಿನದ ಹಿಂದೆ, ಯಾರದೋ ಮನೆ ಖಾಲಿ ಮಾಡಿದಾಗ ಸಿಕ್ಕ ಪ್ಲೇಟುಗಳ ಪೆಟ್ಟಿಗೆಯೊಂದು ಕೇಂದ್ರಕ್ಕೆ ಬಂತು. ಅದರಲ್ಲಿ ಅದೇ ಹಾಡು, ಅದೇ ಧ್ವನಿಮುದ್ರಣ, ಒಂದೂ ಗೀರಿಲ್ಲದ್ದು. ತನ್ನ ತೇಪೆ ಮೂಲಕ್ಕೆ ಎಷ್ಟು ಹತ್ತಿರವಿದೆ ನೋಡೋಣವೆಂಬ ಜಂಬದಲ್ಲೇ ಮುಳ್ಳು ಇಟ್ಟ. ಬಂದರೆ ಬೈಯೆನು. ಆಮೇಲೆ ತುಟಿ ತೆರೆದು ಮತ್ತೆ ಮುಚ್ಚಿದ ಒಂದು ಸಣ್ಣ ಒದ್ದೆ ಸದ್ದು. ಎರಡು ತಾಳ ಏನೂ ಇಲ್ಲ. ಪಿಯಾನೋ ಕಾಯುತ್ತದೆ, ಕಾಯುವುದು ಕೇಳಿಸುತ್ತದೆ, ಆಮೇಲೆ ಮುಗಿಸುತ್ತದೆ. ಅವಳು ಕರೆದಿರಲಿಲ್ಲ. ಗೀರು ಅಲ್ಲಿ ಬಿದ್ದದ್ದು ಬರೀ ಆಕಸ್ಮಿಕ. ಆ ಒದ್ದೆ ಸದ್ದು ಗೀರಿದ್ದ ಪ್ಲೇಟಿನಲ್ಲೂ ಇತ್ತು ಎಂಬುದು ಅವನಿಗೆ ಆಗ ನೆನಪಾಯಿತು; ಗೀರಿನ ಚೂರು ಉಳಿದಿದೆ ಎಂದುಕೊಂಡು ಅದನ್ನು ಅವನೇ ಒರೆಸಿ ತೆಗೆದಿದ್ದ. ಎರಡು ಸಲ ಕರೆದು ಮೂರನೆಯ ಸಲ ಬಾಯಿ ಮುಚ್ಚಿಕೊಂಡ ಹೆಂಗಸು. ಸಾವಿರ ಜನ ಹಾಡಿದ ಹಾಡನ್ನು ಹಾಗೆ ಮುಗಿಸಿದವಳು ಅವಳೊಬ್ಬಳೇ. ಅದನ್ನೇ ಹುಡುಕಿ ಹುಡುಕಿ ಅವನು ಮುಚ್ಚಿದ್ದ. ಈಗ ಅವಳೂ ಎಲ್ಲರ ಹಾಗೆ ಮೂರು ಸಲ ಕರೆಯುತ್ತಿದ್ದಳು, ಊರೆಲ್ಲ ಕೇಳುವ ಹಾಗೆ.

ಮೇಲಧಿಕಾರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಾಡಿನಲ್ಲಿ ಆ ಮಾತು ಇದೆಯೋ ಇಲ್ಲವೋ ಎಂದು ಕೇಳಿದರು. ಇದೆ. ಅದು ಅವಳ ದನಿಯೋ ಅಲ್ಲವೋ? ಅವಳದೇ. ಮತ್ತೆ ಸುಳ್ಳು ಎಲ್ಲಿಂದ ಬಂತು? ಪೆಟ್ಟಿಗೆಯ ಹೊದಿಕೆಗಳು ಅಚ್ಚಾಗಿವೆ, ಉಳಿದಿರುವುದು ಅವಳ ಸಹಿ ಮಾತ್ರ. ಆಮೇಲೆ ಅಷ್ಟೇನೂ ಗಟ್ಟಿಯಲ್ಲದ ದನಿಯಲ್ಲಿ, ಸ್ನೇಹದಲ್ಲೇ ಎಂಬಂತೆ ಹೇಳಿದರು:

"ನೋಡು ದರ್ಜಿ, ಹೊಲಿದದ್ದು ಹೊಲಿದಾಯ್ತು. ಒಂದು ನೂಲು ಬಿಚ್ಚೋಕೆ ಹೋಗಿ ಅಂಗೀನೇ ಹರಿಬೇಡ. ನೀನೇ ಹೋಗಿ ಸಹಿ ಹಾಕಿಸ್ಕೊಂಡು ಬಾ."

ನೀನೇ ಎಂದದ್ದು ಶಿಕ್ಷೆಯೋ ನಂಬಿಕೆಯೋ ಅವನಿಗೆ ಗೊತ್ತಾಗಲಿಲ್ಲ. ಹೂಂ ಸಾರ್ ಎಂದು ಬಂದಿದ್ದ. ಬಸ್ಸು ಸೇತುವೆ ಹತ್ತಿತು. ಪಕ್ಕದ ಹೆಂಗಸು ಇಳಿದುಹೋಗಿದ್ದಳು. ಈಗ ಅವನ ಮನಸ್ಸು ಸುಮ್ಮನೆ ಬೆಳಗಿನ ಹಜಾರಕ್ಕೆ ಹೋಗಿ ನಿಂತಿತು. ಅವನು ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದ. ಹೆಂಡತಿ ಬಾಗಿಲಿಗೊರಗಿ, ಪೋಸ್ಟಾಫೀಸಿಗೆ ಹೊರಡುವ ಸೀರೆಯುಟ್ಟು, ರೀ, ನಾನೊಂದು ಯೋಚನೆ ಮಾಡ್ತಿದ್ದೆ, ಈ ಮನೇಲಿ ಎಂದು ನಿಲ್ಲಿಸಿದ್ದಳು. ಅವನು ತಲೆಯೆತ್ತದೆ, ಸುಣ್ಣ ಬಳಿಸಬೇಕು, ಗೊತ್ತು, ಮುಂದಿನ ತಿಂಗಳು ನೋಡೋಣ ಎಂದ. ಅವಳು, ಹೂಂ, ಸುಣ್ಣ ಎಂದಳು. ಹತ್ತೊಂಬತ್ತು ವರ್ಷದಿಂದ ಅವಳ ಎಷ್ಟು ಮಾತುಗಳನ್ನು ಅವನು ಹೀಗೆ ಮುಗಿಸಿಕೊಟ್ಟಿದ್ದ? ನೆಂಟರ ಮುಂದೆ ಅವಳೇ ಅದನ್ನು ತಮಾಷೆ ಮಾಡುತ್ತಿದ್ದಳು, ನನ್ನ ಬಾಯಿ ಇವರ ಹತ್ತಿರ ಇದೆ, ಏನಾದ್ರೂ ಬೇಕಿದ್ರೆ ಇವರನ್ನೇ ಕೇಳಿ ಎಂದು. ಫೋನು ತೆಗೆದು ಅವಳಿಗೆ ಮಾಡಿದ. ಬೆಳಿಗ್ಗೆ ಏನೋ ಹೇಳ್ತಿದ್ಯಲ್ಲ ಎಂದ. ಅತ್ತ ಕಡೆ ಮುದ್ರೆ ಒತ್ತುವ ದಬದಬ ಸದ್ದು. ನೀವೇ ಹೇಳಿದ್ರಲ್ಲ, ಸುಣ್ಣ ಅಂತ, ಎಂದಳು. ಅದಲ್ಲ, ನೀನು ಹೇಳೋಕೆ ಹೊರಟಿದ್ದು. ಮುದ್ರೆಯ ಸದ್ದು ನಿಂತಿತು. ಏನೋ ಹೇಳಬೇಕೆಂದು ಅವನ ನಾಲಿಗೆಯ ತುದಿಗೆ ಬಂದದ್ದನ್ನು ಅವನು ಹಲ್ಲಲ್ಲಿ ಹಿಡಿದುಕೊಂಡ. ಕೌಂಟರಲ್ಲಿ ಜನ ಇದ್ದಾರೆ ರೀ, ಇಡ್ತೀನಿ ಎಂದಳು. ಫೋನು ಆರಿದ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ಇದ್ದ. ತೂಕಡಿಸುತ್ತಿದ್ದ ಕಂಡಕ್ಟರು ಅವನನ್ನು ನೋಡಿ, ಅವನ ನಿಲ್ದಾಣ ಹಿಂದೆಯೇ ಹೋಯಿತೆಂದು ಹೇಳಿದ.

ಬಿಸಿಲಿನಲ್ಲಿ ಒಂದು ನಿಲ್ದಾಣದಷ್ಟು ವಾಪಸು ನಡೆಯಬೇಕಾಯಿತು. ಚೀಲವನ್ನು ಎದೆಗವುಚಿಕೊಂಡು, ಅದರ ಮೇಲೆ ತನ್ನ ನೆರಳು ಬೀಳುವ ಹಾಗೆ ಬಗ್ಗಿ ನಡೆದ. ಬಿಸಿಲಿಗೆ ಈ ಪ್ಲೇಟು ಬಾಗಿ ಡೊಂಕಾಗಿಬಿಟ್ಟರೆ ಒಳ್ಳೆಯದಲ್ಲವೇ ಎಂಬ ಯೋಚನೆ ಬಂದದ್ದನ್ನು, ಬಂದ ಹಾಗೇ ಹಿಡಿದು ನೋಡಿ, ತನ್ನದೇ ಎಂದು ಒಪ್ಪಿಕೊಂಡ. ಐದು ನಿಮಿಷ ಬಿಸಿಲಿಗೆ ಹಿಡಿದರೆ ಸಾಕಿತ್ತು. ಆಮೇಲೆ ಲೋಕದಲ್ಲಿ ಉಳಿಯುವುದು ಮೂರು ಬಾ ಇರುವ ಹಾಡು ಮಾತ್ರ, ಮೇಲಧಿಕಾರಿ ಹೇಳಿದ ಹಾಗೆ, ಅವಳ ದನಿಯದೇ.

ಹಳೆಯ ಕಟ್ಟಡದ ಎರಡನೆಯ ಮಹಡಿ. ಬಾಗಿಲು ತೆಗೆದವಳು ಗಾಯಕಿಯ ತಂಗಿಯ ಮಗಳು, ಐವತ್ತರ ಹತ್ತಿರದವಳು, ಹೆಗಲ ಮೇಲೆ ಮಡಿಸುತ್ತಿದ್ದ ಬಟ್ಟೆ. ರೇಡಿಯೋದವರು ಎಂದು ಗೊತ್ತಾದ ಕೂಡಲೇ ಅವಳು ದನಿ ತಗ್ಗಿಸಿ, ಬಾಗಿಲಲ್ಲೇ ನಿಲ್ಲಿಸಿಕೊಂಡು ಹೇಳಿದಳು, ದೊಡ್ಡಮ್ಮನಿಗೆ ಎಷ್ಟೋ ವರ್ಷದಿಂದ ಮಾತ್ರೆ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ, ನಿಮ್ಮ ಹಾಡು ಕೇಳಿದ ದಿನದಿಂದ ಮಾತ್ರೆ ಮುಟ್ಟಿಲ್ಲ, ಮಗು ಹಾಗೆ ಮಲಗುತ್ತಾರೆ, ಯಾರಿಗೆ ಕೈ ಮುಗಿಯಬೇಕು ಅಂತ ಇದ್ದೆ ಎಂದು. ಅವನು ಬಾಗಿಲ ಕಾಲೊರಸಿಗೆ ಕಾಲು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಗಾಯಕಿ ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯಲ್ಲಿದ್ದಳು. ಗರಿ, ಗೌನು, ಮಿಂಚು ಯಾವುದರ ಗುರುತೂ ಇಲ್ಲ. ಬಿಳಿಯ ಕೂದಲನ್ನು ಗಂಡಸಿನ ಹಾಗೆ ಗಿಡ್ಡ ಕತ್ತರಿಸಿದ್ದ, ದೊಡ್ಡ ಕಿವಿಗಳ ಮುದುಕಿ. ಕಾಲಿಗೆ ಉಣ್ಣೆಯ ಕಾಲುಚೀಲ. ಗೋಡೆಯ ಮೇಲೆ ಒಂದೂ ಹಳೆಯ ಚಿತ್ರವಿರಲಿಲ್ಲ, ಕ್ಯಾಲೆಂಡರ್ ಒಂದಿತ್ತು. ಮಾತಾಡಿದಾಗ ಮಾತ್ರ, ಅವನು ಒಂದೊಂದು ಏರಿಳಿತವನ್ನೂ ತೆರೆಯ ಮೇಲೆ ನೋಡಿ ಬಲ್ಲ ದನಿ, ಇನ್ನಷ್ಟು ಸವೆದು, ಅವನೆದುರಿಗೆ ಬಂತು. ಅವನಿಗೆ ಯಾರೋ ತನ್ನ ಬಟ್ಟೆಯೊಳಗೆ ಕೈ ಹಾಕಿದಂತಾಯಿತು. ನೀನೇನಾ ಆ ಕೊಳೆ ತೊಳೆಯೋನು ಎಂದು ಕೇಳಿದಳು. ಹೌದಮ್ಮ ಎಂದ. ಕೈ ನೋಡೋಣ ಎಂದಳು. ಅವನು ಕೈ ಚಾಚಿದ. ಮೆತ್ತಗಿದೆ, ಬಟ್ಟೆ ಒಗೆದ ಕೈಯಲ್ಲ ಎಂದು ತಂಗಿಯ ಮಗಳ ಕಡೆ ತಿರುಗಿ ನಕ್ಕಳು. ಟೀ ಬಂತು. ತಂಗಿಯ ಮಗಳು ಬಟ್ಟೆ ಮಡಿಸಲು ಅಡಿಗೆಮನೆಗೆ ಹೋದಳು.

ಅವನು ಪತ್ರ ತೆಗೆದು ಎದುರಿಗಿಟ್ಟ. ಈ ಧ್ವನಿಮುದ್ರಿಕೆಯಲ್ಲಿರುವ ಗಾಯನವು ಸಂಪೂರ್ಣವಾಗಿ ನನ್ನದೇ ಆಗಿದ್ದು ಎಂದು ಅದು ಶುರುವಾಗುತ್ತಿತ್ತು. ಅವಳು ಕನ್ನಡಕಕ್ಕಾಗಿ ತಡವರಿಸುತ್ತ, ತಾನು ಆ ಪ್ಲೇಟನ್ನು ಯಾವತ್ತೂ ಕೇಳಿಲ್ಲ, ಮನೆಯಲ್ಲಿ ಇಟ್ಟುಕೊಂಡೂ ಇಲ್ಲ, ಮೊನ್ನೆ ರೇಡಿಯೋದಲ್ಲಿ ಕೇಳಿದ್ದೇ ಮೊದಲು ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳದಿದ್ದುದಕ್ಕೇ ಇರಬೇಕು, ಅವಳು ಹೇಳಿದಳು. ಪಿಯಾನೋ ನುಡಿಸುತ್ತಿದ್ದವನೂ ಅವಳೂ ಆರು ವರ್ಷ ಒಂದೇ ಮನೆಯಲ್ಲಿದ್ದವರು. ಧ್ವನಿಮುದ್ರಣದ ದಿನಕ್ಕೆ ಹತ್ತು ದಿನ ಮೊದಲು ಜಗಳವಾಗಿ ಅವನು ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದ. ಏನು ಜಗಳವೆಂದು ಈಗ ಅರ್ಧ ಮರೆತಿದೆ, ತಪ್ಪು ಇಬ್ಬರದೂ ಇತ್ತು. ಹಡಗಿನ ಬ್ಯಾಂಡಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಮುದ್ರಣ ನಡೆದದ್ದು ಮಧ್ಯಾಹ್ನ, ಹೋಟೆಲಿನ ಅದೇ ನೆಲಮಾಳಿಗೆಯಲ್ಲಿ, ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದ್ದರು, ನೆಲ ಒರೆಸಿದ ವಾಸನೆ. ಪಿಯಾನೋದವನು ಬಂದ, ಸ್ಟೂಲಿನ ಎತ್ತರ ಸರಿ ಮಾಡಿಕೊಂಡ, ತನ್ನ ಮುಖ ನೋಡದೆ ಒಂದು ಮಾತು ಕೇಳಿದ ಎಂದಳು.

"ಹಾಡಲ್ಲಿ ನೀನು ಮೂರು ಸಲ ಕರೀತೀಯ, ನಾನು ಯಾವುದನ್ನ ನಂಬಲಿ ಅಂದ. ಮೂರನೇದನ್ನ ನಂಬು ಅಂದೆ. ಹಾಡೋಕೆ ಶುರು ಮಾಡಿದಾಗ ಕರೀಬೇಕು ಅಂತಾನೇ ಇತ್ತಪ್ಪ ನನಗೆ. ಮೂರನೇದು ಬಂತು. ಅವನು ತಲೆ ಎತ್ತಿ ನೋಡಿದ. ಆ ಮುಖದಲ್ಲಿ, ಈಗ ಕರೀತಾಳೆ ಅನ್ನೋ ಒಂದು ಧೈರ್ಯ ಇತ್ತು ನೋಡು. ನಾನು ಬಾಯಿ ಮುಚ್ಕೊಂಡೆ."

ಅವನು ಮುಗಿಸಿ, ಪಿಯಾನೋದ ಮುಚ್ಚಳ ಹಾಕಿ ಹೋದ. ಹಡಗು ಹೋಯಿತು. ಆಮೇಲೆ ಸುದ್ದಿಯಿಲ್ಲ. ಒಂದು ಮಾತಿಗೆ ನಿಲ್ಲುತ್ತಿದ್ದ ಮನುಷ್ಯ, ಆ ಮಾತು ನಾಲಿಗೆಯ ಮೇಲೇ ಇತ್ತು. ಐವತ್ತೆರಡು ವರ್ಷ ಅದು ತನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು ಎಂದಳು. ನಿದ್ದೆಯಲ್ಲಿ ಬಾ ಎಂದು ಕೂಗಿ ಎದ್ದದ್ದಿದೆ. ಹೀಗಿರುವಾಗ ಮೊನ್ನೆ ರೇಡಿಯೋ. ಮೊದಲನೆಯದು ಬಂತು, ಎರಡನೆಯದು ಬಂತು, ಅವಳು ಕೈಯಿಂದ ಕಿವಿ ಮುಚ್ಚಿಕೊಳ್ಳಬೇಕೆನ್ನುವಾಗ ಮೂರನೆಯದೂ ಬಂತು.

"ಕರೆದಿದ್ದೆ ಕಣಪ್ಪ. ನನ್ನ ಕಿವಿಯಾರೆ ಕೇಳಿದೆ. ಕರೆದರೂ ಹೋಗಿದಾನೆ ಆ ಪುಣ್ಯಾತ್ಮ. ನಾನು ಬಾಯಿ ಮುಚ್ಕೊಂಡೆ ಅಂತ ಇಷ್ಟು ವರ್ಷ ನನ್ನ ತಲೇಗೆ ಯಾರು ತುಂಬಿದ್ರೋ. ತಲೆ ಸುಳ್ಳು ಹೇಳತ್ತೆ, ಯಂತ್ರ ಹೇಳತ್ತಾ?"

ಅವನು ಟೀಯ ಕಪ್ಪನ್ನು ತಟ್ಟೆಯ ಮೇಲಿಟ್ಟ. ಸದ್ದಾಗದ ಹಾಗೆ ಇಡಲು ಬಹಳ ಹೊತ್ತು ಹಿಡಿಯಿತು. ಹೇಳಬೇಕಾಗಿಲ್ಲ, ಈಗಂತೂ ಹೇಳಲೇಬಾರದು ಎಂದು ಒಳಗೆ ಏನೋ ಸಡಿಲವಾಯಿತು. ಎಂಟು ದಿನದಿಂದ ತಪ್ಪು ಎಂದು ಹೊತ್ತದ್ದು ನೋಡಿದರೆ ಉಪಕಾರ. ಮುದುಕಿ ನಿದ್ದೆ ಮಾಡುತ್ತಿದ್ದಾಳೆ. ದಿಟದಿಂದ ಯಾರಿಗೆ ಏನಾಗಬೇಕು. ಎಂಬತ್ತು ದಾಟಿದವಳ ಗಂಟಲಿಗೆ ಆ ಮುಳ್ಳನ್ನು ಮತ್ತೆ ತುರುಕುವುದೇ? ಹೇಳಿದರೂ ಅದು ಅವಳಿಗಾಗಿಯೇ, ಅಥವಾ ಇವನ ಭಾರ ಇಳಿಯಲೆಂದೇ? ಮೇಲಧಿಕಾರಿಯ ಮಾತು ಈಗ ಜಾಣತನದ್ದಲ್ಲ, ಕರುಣೆಯದ್ದು ಎನ್ನಿಸತೊಡಗಿತು. ತನಗೆ ಬೇಕಾದದ್ದು ಇಷ್ಟು ಬೇಗ ಕರುಣೆಯಾಗಿ ತಿರುಗಿದ್ದಕ್ಕೆ ಹೇಸಿಗೆಯೂ ಆಯಿತು. ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ. ಸಹಿಯ ಜಾಗವನ್ನು ಬೆರಳಿಟ್ಟು ತೋರಿಸಿದ.

ಅವಳು ಪೆನ್ನು ಹಿಡಿದು ಹಾಗೇ ಕೂತಳು. ಖುಷಿಯಲ್ಲಿದ್ದಳು, ಹೊರಟುಹೋಗುವವನನ್ನು ಇನ್ನೊಂದು ನಿಮಿಷ ಕೂರಿಸಿಕೊಳ್ಳುವ ಆಸೆ. ಹೇಗೆ ಕರೆದಿದ್ದೆ ಗೊತ್ತಾ ಎಂದು, ಕಣ್ಣು ಮುಚ್ಚಿ, ಕುರ್ಚಿಯ ಕೈಗೆ ಪೆನ್ನಿನಿಂದ ತಾಳ ತಟ್ಟುತ್ತ, ಸಣ್ಣಗೆ ಹಾಡಿದಳು. ಬಂದರೆ ಬೈಯೆನು. ಬಾ. ಅದು ಅವಳ ಬಾ ಅಲ್ಲ. ಬಾಲ ಕತ್ತರಿಸಿದ ಬಾ. ಎರಡು ತಾಳಕ್ಕೆ ಹಿಡಿಸಲೆಂದು ಅವನು ಕತ್ತರಿ ಆಡಿಸಿದ ಜಾಗದಲ್ಲೇ ಅದು ತಟ್ಟನೆ ನಿಂತಿತು. ಅವಳು ರೇಡಿಯೋದಿಂದ ಅದನ್ನು ಕಲಿತುಕೊಂಡಿದ್ದಳು. ಅವನ ಹೊಲಿಗೆ, ಇದುವರೆಗೂ ಯಾರಿಗೂ ಸಿಕ್ಕದ ಹೊಲಿಗೆ, ಅವಳ ಗಂಟಲಲ್ಲೇ ಕಾಣುತ್ತಿತ್ತು. ಮತ್ತೊಮ್ಮೆ ಹಾಡಿದಳು, ಇನ್ನೂ ಚೆನ್ನಾಗಿ, ಅಂದರೆ ಇನ್ನೂ ಸರಿಯಾಗಿ ಅವನು ಕತ್ತರಿಸಿದ ಹಾಗೆ. ಇಷ್ಟು ದೊಡ್ಡ ಗಾಯಕಿ, ಯಾರನ್ನೂ ಅನುಸರಿಸದೆ ಹಾಡಿದವಳು, ಮುದಿತನದಲ್ಲಿ ಒಬ್ಬ ದರ್ಜಿಯನ್ನು ಅನುಸರಿಸುತ್ತಿದ್ದಳು. ಕರುಣೆ ಎಂದುಕೊಂಡದ್ದು ಅಲ್ಲಿಗೆ ಮುಗಿಯಿತು.

"ಅಮ್ಮಾ, ಸಹಿ ಹಾಕಬೇಡಿ. ಆ ಮೂರನೇ ಬಾ ನೀವು ಹಾಡಿದ್ದಲ್ಲ. ನಾನು ಹಾಕಿದ್ದು."

ಅವಳಿಗೆ ಅರ್ಥವಾಗಲಿಲ್ಲ. ಅವನು ಹೇಳಿದ, ಗೀರು, ತೇಪೆ, ಮೊದಲನೆಯ ಚರಣದಿಂದ ತಂದದ್ದು, ಎಂಟು ದಿನದ ಹಿಂದೆ ಸಿಕ್ಕ ಪ್ಲೇಟು. ಹೇಳುತ್ತ ಹೇಳುತ್ತ ಕೈ ಆಡಿಸಿ ಕತ್ತರಿಸುವುದನ್ನೂ ತೋರಿಸಿಬಿಟ್ಟ. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ, ಏನೂ ಬರಲಿಲ್ಲ. ನನ್ನ ದನಿ ನನಗೆ ಗೊತ್ತಾಗೋದಿಲ್ವಾ ಎಂದಳು. ಅವನು ಚೀಲ ಬಿಚ್ಚಿದ. ಮೂಲೆಯಲ್ಲಿ ಬಟ್ಟೆ ಹೊದಿಸಿದ ಪ್ಲೇಯರ್ ಒಂದಿತ್ತು, ಮೇಲೆ ಔಷಧಿಯ ಡಬ್ಬಿಗಳು, ಹಳೆಯ ಪತ್ರಿಕೆಗಳು. ಒಂದೊಂದನ್ನೇ ಎತ್ತಿ ನೆಲಕ್ಕಿಟ್ಟ, ಮುಳ್ಳಿನ ಧೂಳು ಬೆರಳಿಂದ ತೆಗೆದ, ಪ್ಲೇಟು ಇಟ್ಟ.

ಪಿಯಾನೋ ಬಂತು. ತುಸು ತಡವಾಗಿ ಅವಳು ಬಂದಳು. ಮುದುಕಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. ಮೊದಲನೆಯ ಬಾ ಬಂದಾಗ ಅಲ್ಲಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಚರಣ ಬಂತು, ಕೊಡೆ ಬಂತು, ಬಂದರೆ ಬೈಯೆನು ಬಂತು. ತುಟಿ ತೆರೆದು ಮುಚ್ಚಿತು. ಆ ಖಾಲಿಯಲ್ಲಿ, ಅಡಿಗೆಮನೆಯಿಂದ, ಬಟ್ಟೆ ಮಡಿಸುತ್ತಿದ್ದ ತಂಗಿಯ ಮಗಳು ತನ್ನ ಪಾಡಿಗೆ ತಾನು, ಬಾ ಎಂದು ಗುನುಗಿದಳು.

ಪಿಯಾನೋ ಮುಗಿಸಿತು. ಮುಳ್ಳು ಒಳಗಿನ ಸುತ್ತಿನಲ್ಲಿ ಗರಗರ ಎನ್ನುತ್ತಿತ್ತು. ಗಾಯಕಿ ಅಡಿಗೆಮನೆಯ ಕಡೆ ತಿರುಗಿ, ನೀನು ಸ್ವಲ್ಪ ಸುಮ್ಮನಿರು ಎಂದಳು. ತಂಗಿಯ ಮಗಳು ಏನು ತಪ್ಪಾಯಿತೆಂದು ತಿಳಿಯದೆ, ಕೈಯಲ್ಲಿ ದಿಂಬಿನ ಚೀಲ ಹಿಡಿದು ಬಾಗಿಲಿಗೆ ಬಂದು ನಿಂತಳು.

"ಹಾಗಾದ್ರೆ ಕರೀಲಿಲ್ಲ," ಎಂದಳು ಗಾಯಕಿ.

ಅವನು ಇಲ್ಲ ಎಂದು ತಲೆಯಾಡಿಸಿದ. ಕ್ಷಮಿಸಿ ಎಂಬುದು ಬಾಯಿಗೆ ಬಂತು. ಆ ಮಾತೂ ಒಂದು ತೇಪೆ ಎನ್ನಿಸಿ ಹೇಳಲಿಲ್ಲ. ಅವಳ ಕೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಪೆನ್ನು ಅದರೊಳಗೆ. ಮುಖ ಸಣ್ಣದಾಗಿತ್ತು, ಬಾಗಿಲಲ್ಲಿ ನಿಂತವಳು ಅದನ್ನು ನೋಡಿ, ಆಮೇಲೆ ಇವನನ್ನು ನೋಡಿದಳು, ಆ ನೋಟವನ್ನು ಅವನು ತಲೆ ತಗ್ಗಿಸದೆ ತೆಗೆದುಕೊಂಡ. ಇವತ್ತು ರಾತ್ರಿ ಆ ಮಾತ್ರೆಯ ಡಬ್ಬಿಯನ್ನು ಮತ್ತೆ ಹುಡುಕುವವಳು ಇವಳೇ.

ಇನ್ನೊಂದು ಸಲ ಹಾಕು ಎಂದಳು ಗಾಯಕಿ.

ಈ ಸಲ ಅವಳು ಬೇರೆ ಥರ ಕೂತಳು. ಕುರ್ಚಿಯ ಬೆನ್ನು ಬಿಟ್ಟು ಮುಂದೆ ಬಾಗಿ, ಒಂದು ಕಿವಿಯನ್ನು ಪ್ಲೇಯರಿನ ಕಡೆ ಕೊಟ್ಟು, ಇನ್ನೊಬ್ಬಳ ಹಾಡನ್ನು ತೂಗಿ ನೋಡುವವಳ ಹಾಗೆ. ಎರಡನೆಯ ಚರಣದ ಒಂದು ಕಡೆ ಹುಬ್ಬು ಗಂಟಿಕ್ಕಿ, ಉಸಿರು ಸಾಲದೇ ಹೋಗಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮೂರನೆಯದರಲ್ಲಿ ಕೈ ಮೆಲ್ಲಗೆ ಮೇಲೆದ್ದು, ಬಂದರೆ ಬೈಯೆನು ಆದ ಮೇಲೆ ಗಾಳಿಯಲ್ಲಿ ನಿಂತಿತು. ಎರಡು ತಾಳ. ಆ ಎರಡು ತಾಳದಲ್ಲಿ ಯಾರೂ ಏನನ್ನೂ ತುಂಬಲಿಲ್ಲ. ಅವನು ಎಂಟು ದಿನದಲ್ಲಿ ಅದನ್ನು ಎಷ್ಟೋ ಸಲ ಕೇಳಿದ್ದ, ಅಳೆದಿದ್ದ. ಈಗ ಮೊದಲ ಸಲ ಅದು ಖಾಲಿ ಅನ್ನಿಸಲಿಲ್ಲ. ಕರೆಯಬೇಕೆಂದಿದ್ದು ಕರೆಯದವಳು, ನಿಲ್ಲಬೇಕೆಂದಿದ್ದು ನಿಲ್ಲದವನು, ಇಬ್ಬರೂ ಅದರಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಇದ್ದರು. ಕೈ ಕೆಳಗಿಳಿಯಿತು, ಪಿಯಾನೋ ಮುಗಿಯಿತು.

"ಎಷ್ಟು ಚೆನ್ನಾಗಿ ಹಾಡಿದ್ದೆ," ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅದು ಯಾವುದಕ್ಕೆ ಎಂದು ಅವನು ಊಹಿಸಲು ಹೊರಟು, ನಿಲ್ಲಿಸಿದ.

ಸ್ವಲ್ಪ ಹೊತ್ತಿನ ಮೇಲೆ ಅವಳು ಪತ್ರವನ್ನು ಹತ್ತಿರ ಎಳೆದುಕೊಂಡು ಕಣ್ಣಿಗೆ ಹಿಡಿದು ಓದಿದಳು, ಪೂರ್ತಿ. ಸಹಿಯ ಜಾಗದ ಮೇಲೆ ಷರಾ ಎಂದು ಒಂದು ಖಾಲಿ ಅಂಕಣವಿತ್ತು; ಯಾರೂ ಅದನ್ನು ತುಂಬುತ್ತಿರಲಿಲ್ಲ, ಅವನೂ ಅದು ಅಲ್ಲಿರುವುದನ್ನು ಗಮನಿಸಿರಲಿಲ್ಲ. ನನ್ನ ಕೈ ನಡುಗತ್ತೆ, ನಾನು ಹೇಳಿದ್ದನ್ನ ನೀನೇ ಬರಿ, ಹೇಳಿದಷ್ಟನ್ನೇ ಬರಿ ಎಂದು ಪೆನ್ನು ಕೊಟ್ಟಳು. ಅವನು ಪತ್ರವನ್ನು ಮೊಣಕಾಲ ಮೇಲಿಟ್ಟುಕೊಂಡ. ಮೇಲಧಿಕಾರಿಯ ಮೇಜಿನ ಮೇಲೆ ಇದು ಬಿದ್ದಾಗ ಅವರು ಕನ್ನಡಕ ತೆಗೆಯುವುದು, ಅಚ್ಚಾದ ಹೊದಿಕೆಗಳು, ಕ್ಯಾಂಟೀನಿನಲ್ಲಿ ಇನ್ನು ದರ್ಜಿ ಎನ್ನುವಾಗ ಎಲ್ಲರೂ ನಗುವ ರೀತಿ, ಎಲ್ಲ ಒಂದು ಸಲ ಕಣ್ಣಮುಂದೆ ಬಂದು ಹೋಯಿತು. ಹೇಳಿ ಅಮ್ಮ ಎಂದ.

"ಮೂರನೇ ಸಲ ಗಾಯಕಿ ಕರೆಯಲಿಲ್ಲ."

ಬರೆದ. ಅಕ್ಷರಗಳು ದುಂಡಗೆ ಬಂದವು. ಮುಂದಿನ ಮಾತಿಗೆ ಪೆನ್ನು ಎತ್ತಿ ಹಿಡಿದು ಕಾದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಇಷ್ಟೇನಾ ಎಂದು ಕೇಳಿದ.

"ಇಷ್ಟೇ," ಎಂದು ಅವಳು ಸಹಿ ಹಾಕಲು ಕೈ ಚಾಚಿದಳು. "ಕಾರಣ ಬರೀಬೇಡ."